ಒಂದೇ ಹೆಸರಿನೊಳಗೆ ಎರಡು ಕಾಯಿಲೆ

ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1928ರಲ್ಲಿ ಒಂದು ವರದಿ ಪ್ರಕಟಿಸಿದರು. ಇಂದು ಓದಿದರೂ ಮೈ ಜುಮ್ಮೆನ್ನಿಸುವ ವರದಿ ಅದು. ಮಿದುಳಿನ ಬಲಭಾಗದಲ್ಲಿ ಗ್ಲಿಯೋಮಾ ಗಡ್ಡೆ ಬೆಳೆದು, ಎಡಗೈ ಎಡಗಾಲು ಆಗಲೇ ಸ್ವಾಧೀನ ತಪ್ಪಿದ್ದ ಐವರು ರೋಗಿಗಳಿಗೆ ಅವರು ಬಲ ಅರೆಮಿದುಳನ್ನೇ ತೆಗೆದುಹಾಕಿದ್ದರು. ಗಡ್ಡೆಯ ಸುತ್ತ ಎಷ್ಟು ಅಗಲಕ್ಕೆ ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತಿತ್ತು. ಹಾಗಾದರೆ ಬೆಳೆಯಲು ಜಾಗವೇ ಇಲ್ಲದಂತೆ ಮಾಡೋಣ ಎಂಬುದು ಡ್ಯಾಂಡಿಯವರ ಲೆಕ್ಕಾಚಾರ. ಅದೂ ಫಲಿಸಲಿಲ್ಲ, ಗಡ್ಡೆ ಉಳಿದ ಅರ್ಧದಲ್ಲೂ ಕಾಣಿಸಿಕೊಂಡಿತು. ಹೊಲದ ಗರಿಕೆಯನ್ನು ಕಿತ್ತವರಿಗೆ ಇದು ಅರ್ಥವಾಗುತ್ತದೆ: ಮೇಲೆ ಕಾಣುವುದನ್ನು ಕಿತ್ತರೂ ಬೇರು ಅಷ್ಟು ಹೊತ್ತಿಗೆ ಇನ್ನೆಲ್ಲಿಗೋ ಹರಿದಿರುತ್ತದೆ.

ಈ ಜಾತಿಯ ಗಡ್ಡೆಗಳಲ್ಲಿ ಅತಿ ಕ್ರೂರವಾದದ್ದು ಗ್ಲಿಯೋಬ್ಲಾಸ್ಟೋಮಾ. ಚಿಕಿತ್ಸೆ ಇಲ್ಲದಿದ್ದರೆ ಮೂರು ನಾಲ್ಕು ತಿಂಗಳು, ಇದ್ದರೆ ಒಂದು ಒಂದೂಕಾಲು ವರ್ಷ. ಆದರೆ ಇದೇ ಹೆಸರಿನ ರೋಗ ಹೊತ್ತ ಕೆಲವರು, ಅದರಲ್ಲೂ ಮೂವತ್ತರ ಆಸುಪಾಸಿನವರು, ಮೂರು ನಾಲ್ಕು ವರ್ಷ ಬದುಕುತ್ತಿದ್ದರು. ಸೂಕ್ಷ್ಮದರ್ಶಕದಡಿ ಇಬ್ಬರ ಗಡ್ಡೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ವಯಸ್ಸು ಚಿಕ್ಕದು, ದೇಹ ಗಟ್ಟಿ, ಅದೃಷ್ಟ ಚೆನ್ನಾಗಿತ್ತು ಎಂದು ವೈದ್ಯರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಅದು ಅದೃಷ್ಟದ ಮಾತಲ್ಲ, ಅವರ ಕಾಯಿಲೆಯೇ ಬೇರೆ ಎಂದು ತಿಳಿಯುವ ಹೊತ್ತಿಗೆ ಡ್ಯಾಂಡಿಯವರ ವರದಿಗೆ ಸರಿಯಾಗಿ ಎಂಬತ್ತು ವರ್ಷ ಕಳೆದಿತ್ತು. ತಿಳಿದದ್ದು ಕೂಡ ಅದೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ.

ಅಷ್ಟು ತಡವಾಗಲು ಒಂದು ಪುಸ್ತಕದ ಯಶಸ್ಸೂ ಕಾರಣ. ಬಾಸ್ಟನ್ನಿನಲ್ಲಿ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಮತ್ತು ಅವರ ಜೊತೆಗಾರ ಪರ್ಸಿವಲ್ ಬೇಯ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳ ಚೂರುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೋಶಗಳ ಆಕಾರ ನೋಡಿ ಗ್ಲಿಯೋಮಾಗಳನ್ನು ವಿಂಗಡಿಸಿದರು. ಯಾವ ಬಗೆಯ ಗಡ್ಡೆಯಿದ್ದವರು ಎಷ್ಟು ಕಾಲ ಬದುಕಿದರು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿದರು. 1926ರಲ್ಲಿ ಬಂದ ಅವರ ಗ್ರಂಥ ಆ ಕಾಲಕ್ಕೆ ಅಪೂರ್ವ ಸಾಧನೆ. ಕೋಶದ ರೂಪವೇ ರೋಗಿಯ ಆಯುಷ್ಯ ಹೇಳುತ್ತದೆ ಎಂಬ ನಂಬಿಕೆ ಅಲ್ಲಿಂದ ಬೇರೂರಿತು. ಮುಂದಿನ ವರ್ಗೀಕರಣಗಳೆಲ್ಲ ಆ ತಳಪಾಯದ ಮೇಲೆಯೇ ನಿಂತವು.

ಆ ತಳಪಾಯ ಸಾಲದು ಎಂಬುದನ್ನು ಬೇಗನೆ ಗುರುತಿಸಿದವರು ಹಾನ್ಸ್ ಯೋಆಖಿಮ್ ಶೆರರ್. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು ಬಂದ ಶೆರರ್ ಬೆಲ್ಜಿಯಮ್ಮಿನ ಆಂಟ್ವರ್ಪ್‌ನಲ್ಲಿ ಕೆಲಸ ಮಾಡುತ್ತಿದ್ದರು. ಅವರು ಗಡ್ಡೆಯ ಚೂರಿಗೇ ಅಂಟಿಕೊಳ್ಳದೆ, ತೀರಿಹೋದವರ ಇಡೀ ಮಿದುಳನ್ನು ಪರೀಕ್ಷಿಸುತ್ತಿದ್ದರು. 1940ರಲ್ಲಿ ಅವರು ಹೇಳಿದ್ದಿಷ್ಟು: ಕೆಲವು ಗ್ಲಿಯೋಬ್ಲಾಸ್ಟೋಮಾಗಳು ಏಕಾಏಕಿ ಹುಟ್ಟುತ್ತವೆ, ಇನ್ನು ಕೆಲವು ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಸೌಮ್ಯ ಗಡ್ಡೆಯೊಳಗಿಂದ ಎದ್ದು ಬರುತ್ತವೆ. ಮೊದಲನೆಯದು ಪ್ರಾಥಮಿಕ, ಎರಡನೆಯದು ದ್ವಿತೀಯಕ. ಎರಡೂ ಕೊನೆಗೆ ನೋಡಲು ಒಂದೇ. ನಮ್ಮ ಕಾಲದ ಜೀನ್ ಸಂಶೋಧನೆ ಮುಟ್ಟಿದ ಸತ್ಯದ ಬಾಗಿಲಲ್ಲಿ ಶೆರರ್ ಆಗಲೇ ನಿಂತಿದ್ದರು. ಅವರ ಬದುಕಿನ ಉಳಿದ ಭಾಗವನ್ನು ಬರೆಯದೆ ಬಿಡುವಂತಿಲ್ಲ. ಯುದ್ಧದ ನಡುವೆ ಜರ್ಮನಿಗೆ ಮರಳಿ ಬ್ರೆಸ್ಲಾವಿನಲ್ಲಿ ಕೆಲಸಕ್ಕೆ ಸೇರಿದ ಅವರು, ನಾಜಿ ಆಡಳಿತ ಕೊಲ್ಲಿಸಿದ ನೂರಾರು ಮಕ್ಕಳ ಮಿದುಳುಗಳ ಪರೀಕ್ಷೆಯಲ್ಲಿ ಪಾಲ್ಗೊಂಡರು. 1945ರಲ್ಲಿ ವೈಮಾನಿಕ ದಾಳಿಯಲ್ಲಿ ಸತ್ತರು. ಒಬ್ಬನ ವಿಜ್ಞಾನ ಸರಿಯಿತ್ತು ಎಂಬ ಕಾರಣಕ್ಕೆ ಅವನ ಕೈಗೆ ಅಂಟಿದ್ದನ್ನು ಚರಿತ್ರೆ ತೊಳೆಯಬಾರದು.

ಶೆರರ್ ಕಂಡ ವ್ಯತ್ಯಾಸವನ್ನು ಬದುಕಿರುವ ರೋಗಿಯಲ್ಲಿ ಪತ್ತೆಹಚ್ಚುವ ದಾರಿ ಆಗ ಯಾರಿಗೂ ಗೊತ್ತಿರಲಿಲ್ಲ. ಚಿಕಿತ್ಸೆ ಮಾತ್ರ ಕುಂಟುತ್ತ ಸಾಗಿತು. 1978ರಲ್ಲಿ ಅಮೆರಿಕದ ಒಂದು ಅಧ್ಯಯನ ವಿಕಿರಣ ಚಿಕಿತ್ಸೆಯ ಬೆಲೆಯನ್ನು ಸಾಬೀತುಮಾಡಿತು: ಶಸ್ತ್ರಕ್ರಿಯೆಯ ನಂತರ ಬರೀ ಆರೈಕೆ ಪಡೆದವರ ಬದುಕು 14 ವಾರ, ವಿಕಿರಣ ಪಡೆದವರದು ಸುಮಾರು 35 ವಾರ. (ಇಲ್ಲಿ ಕೊಡುವ ವಾರ, ತಿಂಗಳುಗಳೆಲ್ಲ ಮಧ್ಯಾಂಕಗಳು. ಅರ್ಧ ಮಂದಿ ಅದಕ್ಕಿಂತ ಕಡಿಮೆ, ಅರ್ಧ ಮಂದಿ ಅದಕ್ಕಿಂತ ಹೆಚ್ಚು ಬದುಕಿದರು ಎಂದು ಓದಿಕೊಳ್ಳಬೇಕು.) ಮುಂದಿನ ದೊಡ್ಡ ಹೆಜ್ಜೆ ಬರಲು 2005ರವರೆಗೆ ಕಾಯಬೇಕಾಯಿತು. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಸ್ಟೀವನ್ಸ್ ತಂಡ ರೂಪಿಸಿದ್ದ ಟೆಮೊಝೊಲೊಮೈಡ್ ಎಂಬ ಮಾತ್ರೆಯನ್ನು ವಿಕಿರಣದ ಜೊತೆ ಕೊಟ್ಟು ನೋಡಿದವರು ಸ್ವಿಟ್ಜರ್ಲೆಂಡಿನ ಲೋಸಾನ್‌ನ ರೋಜರ್ ಸ್ಟುಪ್ ಮತ್ತು ಸಂಗಡಿಗರು. 85 ಕೇಂದ್ರಗಳ 573 ರೋಗಿಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಬದುಕಿನ ಅವಧಿ 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಎರಡೂವರೆ ತಿಂಗಳು ಅಷ್ಟೇ. ಆದರೆ ಎರಡು ವರ್ಷ ದಾಟಿದವರ ಪ್ರಮಾಣ ಶೇ. 10.4ರಿಂದ ಶೇ. 26.5ಕ್ಕೆ ಏರಿದ್ದನ್ನು ನೋಡಿದರೆ, ಔಷಧ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೆಲಸ ಮಾಡಿದ್ದಲ್ಲ, ಕೆಲವರಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡಿದೆ ಎಂಬ ಅನುಮಾನ ಏಳುತ್ತದೆ.

ಆ ಕೆಲವರು ಯಾರು? ಅದೇ ಲೋಸಾನ್‌ನ ಮೋನಿಕಾ ಹೇಗಿ ಅದೇ ಪ್ರಯೋಗದ ರೋಗಿಗಳ ಅಂಗಾಂಶಗಳಲ್ಲಿ ಉತ್ತರ ಹುಡುಕಿದರು. ಟೆಮೊಝೊಲೊಮೈಡ್ ಕ್ಯಾನ್ಸರ್ ಕೋಶದ ಡಿಎನ್ಎಗೆ ಗಾಯ ಮಾಡುತ್ತದೆ. ಎಂಜಿಎಂಟಿ ಎಂಬ ಪ್ರೋಟೀನು ಆ ಗಾಯವನ್ನು ಮಾಯಿಸಿಬಿಡುತ್ತದೆ. ಕೆಲವರ ಗಡ್ಡೆಯಲ್ಲಿ ಎಂಜಿಎಂಟಿ ಜೀನಿನ ಸ್ವಿಚ್ಚಿನ ಮೇಲೆ ರಾಸಾಯನಿಕ ಮುದ್ರೆ ಬಿದ್ದು ಅದು ಮೌನವಾಗಿರುತ್ತದೆ. ಗಾಯ ಮಾಯುವುದಿಲ್ಲ, ಕೋಶ ಸಾಯುತ್ತದೆ. ಹಾಗೆ ಮೌನವಾದ ಜೀನ್ ಇದ್ದು ಮಾತ್ರೆಯನ್ನೂ ಪಡೆದವರು 21.7 ತಿಂಗಳು ಬದುಕಿದರೆ, ಜೀನ್ ಚಾಲೂ ಇದ್ದವರು ಮಾತ್ರೆ ಪಡೆದೂ 12.7 ತಿಂಗಳು ಬದುಕಿದರು. ಇದು ರೂಪಾಂತರವಲ್ಲ, ಜೀನಿನ ಅಕ್ಷರಗಳು ಬದಲಾಗಿಲ್ಲ. ಆದರೂ ಗಡ್ಡೆಯೊಳಗಿನ ಅಣುವೊಂದು ಆಯುಷ್ಯವನ್ನೂ ಔಷಧದ ಫಲವನ್ನೂ ತೀರ್ಮಾನಿಸುತ್ತದೆ ಎಂದು ದೊಡ್ಡ ಪ್ರಯೋಗದಲ್ಲಿ ತೋರಿಸಿಕೊಟ್ಟದ್ದು ಹೇಗಿ.

2008ರ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದಲ್ಲಿ ಎರಡು ತಂಡಗಳು ಗ್ಲಿಯೋಬ್ಲಾಸ್ಟೋಮಾದ ಜೀನ್ ನಕ್ಷೆ ಬಿಡಿಸಿ ಮುಗಿಸಿದ್ದವು. ಒಂದು, ಸರ್ಕಾರದ ಬೆಂಬಲದ 'ಕ್ಯಾನ್ಸರ್ ಜಿನೋಮ್ ಅಟ್ಲಾಸ್' ಯೋಜನೆ. ಹಣ, ಜನ, ಗಡ್ಡೆಗಳ ಸಂಖ್ಯೆ ಎಲ್ಲದರಲ್ಲೂ ಅದೇ ದೊಡ್ಡದು. 206 ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ 91ರಲ್ಲಿ, ಕ್ಯಾನ್ಸರಿಗೆ ಸಂಬಂಧಿಸಿರಬಹುದೆಂದು ಆರಿಸಿದ 601 ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿತ್ತು. ಇನ್ನೊಂದು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬರ್ಟ್ ವೋಗಲ್‌ಸ್ಟೈನ್, ಕೆನೆತ್ ಕಿನ್ಸ್ಲರ್, ವಿಕ್ಟರ್ ವೆಲ್ಕುಲೆಸ್ಕು ಅವರ ಬಳಗ. ಅವರ ಕೈಯಲ್ಲಿದ್ದದ್ದು ಬರೀ 22 ಗಡ್ಡೆ. ಆದರೆ ಅವರು ಪಟ್ಟಿ ಮಾಡಿಕೊಳ್ಳಲಿಲ್ಲ. ಪ್ರೋಟೀನ್ ತಯಾರಿಸುವ 20,661 ಜೀನುಗಳನ್ನೂ ಓದಿದರು.

ಅಟ್ಲಾಸ್ ತಂಡಕ್ಕೆ ಬಹಳಷ್ಟು ಸಿಕ್ಕಿತು. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಮೂರು ಮುಖ್ಯ ವ್ಯವಸ್ಥೆಗಳು ಹೆಚ್ಚುಕಡಿಮೆ ಎಲ್ಲ ಗ್ಲಿಯೋಬ್ಲಾಸ್ಟೋಮಾಗಳಲ್ಲೂ ಹಾಳಾಗಿರುತ್ತವೆ ಎಂದು ಅವರು ತೋರಿಸಿದ್ದು ಇಂದಿಗೂ ನಿಂತಿದೆ. ಹಾಪ್ಕಿನ್ಸ್ ತಂಡಕ್ಕೆ ಸಿಕ್ಕಿದ್ದು ಯಾರ ಪಟ್ಟಿಯಲ್ಲೂ ಇಲ್ಲದ ಒಂದು ಜೀನು: ಐಡಿಎಚ್1. ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ತಯಾರಿಸುವ ಜೀನು ಇದು. ಈ ಕಿಣ್ವದ ಹೆಸರನ್ನು ಜೀವರಸಾಯನ ಓದುವ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಕೋಶದ ದಿನನಿತ್ಯದ ರಾಸಾಯನಿಕ ಕೆಲಸದಲ್ಲಿ ತೊಡಗಿದ ಕಿಣ್ವ ಮಿದುಳಿನ ಕ್ಯಾನ್ಸರಿನಲ್ಲಿ ಏನು ಮಾಡುತ್ತಿದೆ? ಅದಕ್ಕಿಂತ ವಿಚಿತ್ರವೆಂದರೆ, ಪ್ರತಿ ಬಾರಿಯೂ ಬದಲಾವಣೆ ಒಂದೇ ಜಾಗದಲ್ಲಿತ್ತು. ಪ್ರೋಟೀನಿನ ಸರಪಣಿಯಲ್ಲಿ 132ನೆಯ ಕೊಂಡಿ. ಅಲ್ಲಿ ಆರ್ಜಿನೀನ್ ಇರಬೇಕು. ಈ ಗಡ್ಡೆಗಳಲ್ಲಿ ಬಹುಮಟ್ಟಿಗೆ ಹಿಸ್ಟಿಡೀನ್ ಇತ್ತು. ಆಕಸ್ಮಿಕ ಹಾನಿ ಎಲ್ಲೆಂದರಲ್ಲಿ ಬೀಳುತ್ತದೆ. ಒಂದೇ ಕೊಂಡಿಗೆ ಪದೇ ಪದೇ ಪೆಟ್ಟು ಬೀಳುತ್ತಿದ್ದರೆ, ಆ ಪೆಟ್ಟಿನಿಂದ ಗಡ್ಡೆಗೆ ಏನೋ ಲಾಭವಿದೆ ಎಂದರ್ಥ.

ಹೆಚ್ಚಿನ ಗಡ್ಡೆಗಳನ್ನು ಸೇರಿಸಿ ನೋಡಿದಾಗ 149 ರೋಗಿಗಳಲ್ಲಿ 18 ಮಂದಿಗೆ, ಅಂದರೆ ಶೇ. 12ರಷ್ಟು ಜನಕ್ಕೆ ಈ ರೂಪಾಂತರವಿತ್ತು. ಅವರ ಸರಾಸರಿ ವಯಸ್ಸು 33, ಉಳಿದವರದು 53. ಅವರು 3.8 ವರ್ಷ ಬದುಕಿದ್ದರು, ಉಳಿದವರು 1.1 ವರ್ಷ. ದ್ವಿತೀಯಕ ಗ್ಲಿಯೋಬ್ಲಾಸ್ಟೋಮಾ ಇದ್ದವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ ಅದಿತ್ತು. ಶೆರರ್ ಅರವತ್ತೆಂಟು ವರ್ಷ ಹಿಂದೆ ಕಣ್ಣಳತೆಯಲ್ಲಿ ಎಳೆದಿದ್ದ ಗೆರೆ ಈಗ ಒಂದೇ ಒಂದು ಅಮೈನೋ ಆಮ್ಲದಲ್ಲಿ ಸಿಕ್ಕಿತು.

ದೊಡ್ಡ ಯೋಜನೆಯೊಂದು ಅಷ್ಟು ಗಡ್ಡೆಗಳನ್ನಿಟ್ಟುಕೊಂಡೂ ಐಡಿಎಚ್1ನ್ನು ಕಾಣದೆ ಹೋದದ್ದಕ್ಕೆ ನಿರ್ಲಕ್ಷ್ಯ ಕಾರಣವಲ್ಲ. ಗೊತ್ತಿದ್ದ ಜೀನುಗಳ ಪಟ್ಟಿ ಹಿಡಿದು ಹೊರಟವರಿಗೆ ಗೊತ್ತಿಲ್ಲದ್ದು ಸಿಗಲು ದಾರಿಯಿರಲಿಲ್ಲ. ಪಟ್ಟಿಯಿಲ್ಲದೆ ಎಲ್ಲವನ್ನೂ ಓದುವ ದುಬಾರಿ ಕೆಲಸಕ್ಕೆ ವಿಜ್ಞಾನಿಗಳ ನಡುವೆಯೇ ಆಗ ಆಕ್ಷೇಪಗಳಿದ್ದವು. ಆ ಆಕ್ಷೇಪಗಳು ಐಡಿಎಚ್1ರ ಮುಂದೆ ಬಿದ್ದುಹೋದವು ಎಂದೇ ನನ್ನ ತಿಳಿವಳಿಕೆ.

ಮರುವರ್ಷ ಡ್ಯೂಕ್ ವಿಶ್ವವಿದ್ಯಾಲಯದ ಹೈ ಯಾನ್, ಡ್ಯಾರೆಲ್ ಬಿಗ್ನರ್ ಮತ್ತು ಹಾಪ್ಕಿನ್ಸ್‌ನವರು ಸೇರಿ 445 ನರಮಂಡಲದ ಗಡ್ಡೆಗಳನ್ನು ಪರೀಕ್ಷಿಸಿದರು. ಗಡ್ಡೆಗಳನ್ನು ಉಗ್ರತೆಗೆ ತಕ್ಕಂತೆ ನಾಲ್ಕು ದರ್ಜೆಗಳಲ್ಲಿಡುತ್ತಾರೆ, ಗ್ಲಿಯೋಬ್ಲಾಸ್ಟೋಮಾ ನಾಲ್ಕನೆಯದು. ಅದಕ್ಕಿಂತ ನಿಧಾನವಾಗಿ ಬೆಳೆಯುವ ಎರಡನೆಯ, ಮೂರನೆಯ ದರ್ಜೆಯ ಗ್ಲಿಯೋಮಾಗಳಲ್ಲಿ ಶೇ. 70ಕ್ಕೂ ಹೆಚ್ಚಿನವುಗಳಲ್ಲಿ ಐಡಿಎಚ್1 ಬದಲಾಗಿತ್ತು. ಇಲ್ಲದ ಕೆಲವುಗಳಲ್ಲಿ ಅದರ ಸೋದರ ಜೀನ್ ಐಡಿಎಚ್2 ಬದಲಾಗಿತ್ತು. ಗ್ಲಿಯೋಬ್ಲಾಸ್ಟೋಮಾದಲ್ಲಿ ರೂಪಾಂತರ ಇದ್ದವರು 31 ತಿಂಗಳು, ಇಲ್ಲದವರು 15 ತಿಂಗಳು ಬದುಕಿದ್ದರು. ಮೂರನೆಯ ದರ್ಜೆಯ ಆಸ್ಟ್ರೋಸೈಟೋಮಾ ಎಂಬ ಗ್ಲಿಯೋಮಾದಲ್ಲಿ 65 ತಿಂಗಳು ಮತ್ತು 20 ತಿಂಗಳು. ವಯಸ್ಸು ಚಿಕ್ಕದಿದ್ದುದರಿಂದ ಹೆಚ್ಚು ಬದುಕಿದರೇನೋ ಎಂಬ ಶಂಕೆ ಸಹಜ. ಮುಂದಿನ ಅಧ್ಯಯನಗಳು ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು.

ಪ್ರಯೋಗಾಲಯದ ಈ ತಿಳಿವು ಸಾಮಾನ್ಯ ಆಸ್ಪತ್ರೆಯ ಮೇಜಿಗೆ ಬಂದದ್ದು ಜರ್ಮನಿಯ ಹೈಡೆಲ್‌ಬರ್ಗ್‌ನಿಂದ. ಆಂಡ್ರಿಯಾಸ್ ಫಾನ್ ಡೈಮ್ಲಿಂಗ್ ಅವರ ತಂಡ, ಬದಲಾದ ಪ್ರೋಟೀನಿಗೆ ಮಾತ್ರ ಅಂಟಿಕೊಂಡು ಸಹಜ ಪ್ರೋಟೀನನ್ನು ಮುಟ್ಟದ ಒಂದು ಪ್ರತಿಕಾಯವನ್ನು 2009ರಲ್ಲಿ ತಯಾರಿಸಿತು. ಮೇಣದ ಅಚ್ಚಿನಲ್ಲಿಟ್ಟ ಗಡ್ಡೆಯನ್ನು ಕೂದಲೆಳೆಗಿಂತ ತೆಳ್ಳಗೆ ಕೊಯ್ದು ಗಾಜಿನ ಪಟ್ಟಿಯ ಮೇಲೆ ಹಾಸಿ ಈ ಪ್ರತಿಕಾಯವನ್ನು ಹಾಕಿದರೆ, ರೂಪಾಂತರವಿರುವ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಗಡ್ಡೆಯ ಅಂಚಿನಿಂದ ದೂರ, ಆರೋಗ್ಯವಂತ ನರಕೋಶಗಳ ನಡುವೆ ಒಂಟಿಯಾಗಿ ನುಸುಳಿದ ಕ್ಯಾನ್ಸರ್ ಕೋಶವೂ ನೀಲಿ ಹಿನ್ನೆಲೆಯಲ್ಲಿ ಕಂದಾಗಿ ಎದ್ದು ಕಾಣುತ್ತದೆ. ಡ್ಯಾಂಡಿಯವರ ಕತ್ತಿಯಿಂದ ತಪ್ಪಿಸಿಕೊಂಡಿದ್ದವು ಇಂಥ ನುಸುಳುಕೋಶಗಳೇ. ಐಡಿಎಚ್1 ರೂಪಾಂತರಗಳಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಒಂದೇ ಬಗೆಯವಾದ್ದರಿಂದ, ಜೀನ್ ಓದುವ ಯಂತ್ರವಿಲ್ಲದ ಊರಿನಲ್ಲೂ ಈ ಬಣ್ಣದ ಪರೀಕ್ಷೆ ಸಾಧ್ಯವಾಯಿತು.

2010ರಲ್ಲಿ ಅದೇ ಹೈಡೆಲ್‌ಬರ್ಗ್ ಬಳಗ ಪ್ರಕಟಿಸಿದ ಒಂದು ಫಲಿತಾಂಶ ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ನಿಜವಾದ ತಿರುವು. ರೂಪಾಂತರವಿಲ್ಲದ ಮೂರನೆಯ ದರ್ಜೆಯ ಗಡ್ಡೆಯವರು, ರೂಪಾಂತರವಿದ್ದ ನಾಲ್ಕನೆಯ ದರ್ಜೆಯವರಿಗಿಂತ ಬೇಗ ಸಾಯುತ್ತಿದ್ದರು. ಸೂಕ್ಷ್ಮದರ್ಶಕ 'ಸ್ವಲ್ಪ ವಾಸಿ' ಎಂದದ್ದು ಹೆಚ್ಚು ಮಾರಕವಾಗಿತ್ತು, 'ಅತಿ ಮಾರಕ' ಎಂದದ್ದು ಹೆಚ್ಚು ಕಾಲ ಬಿಟ್ಟುಕೊಟ್ಟಿತ್ತು. ಬೇಯ್ಲಿ ಮತ್ತು ಕುಶಿಂಗ್ ಕಟ್ಟಿದ ಏಣಿ ಇಲ್ಲಿ ತಲೆಕೆಳಗಾಯಿತು.

ರೂಪಾಂತರ ಮಾಡುವುದಾದರೂ ಏನು? ಕಿಣ್ವ ಕೆಟ್ಟು ಕೆಲಸ ನಿಲ್ಲಿಸುತ್ತದೆ ಎಂದು ಮೊದಲು ಊಹಿಸಿದ್ದರು. 2009ರ ಕೊನೆಗೆ ಅಜಿಯೋಸ್ ಎಂಬ ಪುಟ್ಟ ಕಂಪನಿಯ ಲೆನ್ನಿ ಡ್ಯಾಂಗ್, ಶಿನ್‌ಸಾನ್ ಸು ಮತ್ತಿತರರು ಬೇರೆಯೇ ಉತ್ತರ ಕೊಟ್ಟರು: ಕಿಣ್ವ ಹೊಸ ಕೆಲಸ ಕಲಿತಿತ್ತು. 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ತಯಾರಿಸಿ, ಗಡ್ಡೆಯಲ್ಲಿ ಅದರ ಪ್ರಮಾಣವನ್ನು ನೂರು ಪಟ್ಟಿನವರೆಗೂ ಏರಿಸುತ್ತಿತ್ತು. ಈ ವಸ್ತು ಡಿಎನ್ಎ ಮೇಲಿನ ರಾಸಾಯನಿಕ ಮುದ್ರೆಗಳನ್ನು ಅಳಿಸುವ ಕಿಣ್ವಗಳನ್ನು ತಡೆಯುತ್ತದೆ. ಮುದ್ರೆಗಳು ಕೂಡುತ್ತ ಹೋಗಿ ಸಾವಿರಾರು ಜೀನುಗಳ ನಿಯಂತ್ರಣ ಏರುಪೇರಾಗುತ್ತದೆ. ಎಂಜಿಎಂಟಿ ಜೀನೂ ಇಂಥ ಗಡ್ಡೆಗಳಲ್ಲಿ ಹೆಚ್ಚಾಗಿ ಮೌನವಾಗಿರುತ್ತದೆ. ಹೇಗಿ ಕಂಡದ್ದೂ ಹಾಪ್ಕಿನ್ಸ್ ಕಂಡದ್ದೂ ಇಲ್ಲಿ ಒಂದನ್ನೊಂದು ತಾಗುತ್ತವೆ.

ಕ್ಯಾನ್ಸರನ್ನು ಹುಟ್ಟಿಸುವ ರೂಪಾಂತರವೇ ರೋಗಿಗೆ ಹೆಚ್ಚು ಕಾಲ ಕೊಡುವುದೇಕೆ ಎಂಬ ಬಗ್ಗೆ ಒಮ್ಮತವಿಲ್ಲ. ಹುಟ್ಟುವ ಕೋಶ, ಬೆಳೆಯುವ ಹಾದಿ ಎರಡೂ ಬೇರೆ, ಹಾಗಾಗಿ ಸ್ವಭಾವವೂ ಬೇರೆ ಎನ್ನುವವರಿದ್ದಾರೆ. 2-ಹೈಡ್ರಾಕ್ಸಿಗ್ಲುಟರೇಟ್ ಡಿಎನ್ಎ ದುರಸ್ತಿಯನ್ನು ಕುಂಠಿತಗೊಳಿಸುವುದರಿಂದ ವಿಕಿರಣ, ಔಷಧಗಳಿಗೆ ಗಡ್ಡೆ ಬೇಗ ಮಣಿಯುತ್ತದೆ ಎನ್ನುವ ಪ್ರಯೋಗಗಳೂ ಇವೆ. ಎರಡನೆಯದು ನಿಜವಾದರೆ, ಆ ಕಿಣ್ವವನ್ನು ತಡೆಯುವ ಔಷಧ ಕೊಡುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಅದರ ಚರ್ಚೆ ಇನ್ನೂ ನಡೆದಿದೆ.

ಮಕ್ಕಳ ಕತೆ ಇನ್ನೂ ಕಠಿಣ. ಮಿದುಳಕಾಂಡದಲ್ಲಿ ಹರಡಿಕೊಳ್ಳುವ ಗ್ಲಿಯೋಮಾ ಬಂದ ಮಗು, ಕಾಯಿಲೆ ಗೊತ್ತಾದ ಮೇಲೆ ಎರಡು ವರ್ಷ ದಾಟುವುದು ಹತ್ತರಲ್ಲಿ ಒಂದು ಕೂಡ ಇಲ್ಲ. ಉಸಿರಾಟ, ನುಂಗುವಿಕೆ ನಡೆಸುವ ಜಾಗವಾದ್ದರಿಂದ ಅಲ್ಲಿ ಸೂಜಿ ಹಾಕಲು ವೈದ್ಯರು ದಶಕಗಳ ಕಾಲ ಹಿಂಜರಿದರು. ಸಂಶೋಧನೆಗೆ ಅಂಗಾಂಶವೇ ಸಿಗುತ್ತಿರಲಿಲ್ಲ. ಮಗುವನ್ನು ಕಳೆದುಕೊಂಡ ತಂದೆತಾಯಂದಿರು ಮರಣೋತ್ತರವಾಗಿ ಕೊಟ್ಟ ಗಡ್ಡೆಗಳು ಆ ಕೊರತೆ ತುಂಬಿದವು. 2012ರಲ್ಲಿ ಮೆಗಿಲ್ ವಿಶ್ವವಿದ್ಯಾಲಯದ ನಾಡಾ ಜಬಾಡೋ, ಹೈಡೆಲ್‌ಬರ್ಗ್‌ನ ಸ್ಟೆಫಾನ್ ಫಿಸ್ಟರ್ ಅವರ ಬಳಗವೂ, ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಬಳಗವೂ ಡಿಎನ್ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನಿನ 27ನೆಯ ಕೊಂಡಿಯಲ್ಲಿ ರೂಪಾಂತರ ಕಂಡವು. ಐಡಿಎಚ್ ಕಾಲಾವಕಾಶದ ಗುರುತಾದರೆ ಇದು ಅದಕ್ಕೆ ವಿರುದ್ಧ: ಇದು ಇದ್ದರೆ ಗಡ್ಡೆ ನೋಡಲು ಎಷ್ಟೇ ಸೌಮ್ಯವಾಗಿದ್ದರೂ ನಾಲ್ಕನೆಯ ದರ್ಜೆ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮೊದಲ ಬಾರಿಗೆ ಕೋಶದ ರೂಪದ ಜೊತೆ ಜೀನನ್ನೂ ಸೇರಿಸಿ ಮಿದುಳಿನ ಗಡ್ಡೆಗಳಿಗೆ ಹೆಸರಿಟ್ಟಿತು. 2021ರಲ್ಲಿ ಇನ್ನೂ ಮುಂದೆ ಹೋಯಿತು. ವಯಸ್ಕರಲ್ಲಿ ಐಡಿಎಚ್ ರೂಪಾಂತರವಿರುವ ಯಾವ ಗಡ್ಡೆಯನ್ನೂ ಗ್ಲಿಯೋಬ್ಲಾಸ್ಟೋಮಾ ಎಂದು ಕರೆಯುವಂತಿಲ್ಲ. ಹಿಂದೆ ಹಾಗೆ ಕರೆಯುತ್ತಿದ್ದದ್ದು ಈಗ ನಾಲ್ಕನೆಯ ದರ್ಜೆಯ ಆಸ್ಟ್ರೋಸೈಟೋಮಾ. ರೂಪಾಂತರವಿಲ್ಲದ ಗಡ್ಡೆ ಸೌಮ್ಯವಾಗಿ ಕಂಡರೂ, ಅದರಲ್ಲಿ ಟರ್ಟ್ ಜೀನಿನ ಸ್ವಿಚ್ಚು ಬದಲಾಗಿದ್ದರೆ, ಇಜಿಎಫ್ಆರ್ ಜೀನ್ ಹಲವು ಪಟ್ಟಾಗಿದ್ದರೆ, ಅಥವಾ 7ನೆಯ ವರ್ಣತಂತು ಹೆಚ್ಚಿ 10ನೆಯದು ಕಳೆದಿದ್ದರೆ ಅದು ಗ್ಲಿಯೋಬ್ಲಾಸ್ಟೋಮಾವೇ. ಹಳೆಯ ಔಷಧ ಪ್ರಯೋಗಗಳಲ್ಲಿ ಎರಡೂ ಬಗೆಯ ರೋಗಿಗಳು ಬೆರೆತಿದ್ದರಿಂದ ಆ ಅಂಕಿಗಳನ್ನು ಇಂದಿನ ಹೆಸರಿಗೆ ನೇರವಾಗಿ ಅನ್ವಯಿಸಬಾರದು.

ತಿಳಿವು ಮದ್ದಾಯಿತೇ? ಒಂದು ಗುಂಪಿಗೆ ಸ್ವಲ್ಪ ಆಯಿತು. ಬದಲಾದ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಮಾತ್ರೆಯನ್ನು, ಶಸ್ತ್ರಕ್ರಿಯೆ ಮಾತ್ರ ಆಗಿದ್ದ ಎರಡನೆಯ ದರ್ಜೆಯ 331 ರೋಗಿಗಳಲ್ಲಿ ಪರೀಕ್ಷಿಸಿದಾಗ, ಗಡ್ಡೆ ಮತ್ತೆ ಬೆಳೆಯುವವರೆಗಿನ ಅವಧಿ 11.1 ತಿಂಗಳಿನಿಂದ 27.7 ತಿಂಗಳಿಗೆ ಹೋಯಿತು. 2023ರಲ್ಲಿ ಫಲಿತಾಂಶ ಬಂತು, 2024ರ ಆಗಸ್ಟಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಐಡಿಎಚ್ ರೂಪಾಂತರವಿಲ್ಲದ ನಿಜವಾದ ಗ್ಲಿಯೋಬ್ಲಾಸ್ಟೋಮಾದವರಿಗೆ ಅಂಥ ದಿನ ಬಂದಿಲ್ಲ. ಇಜಿಎಫ್ಆರ್‌ನ ಒಂದು ವಿಕೃತ ರೂಪವನ್ನು ಗುರಿಯಾಗಿಸಿದ ರಿಂಡೋಪೆಪಿಮಟ್ ಲಸಿಕೆಯ ಮೇಲೆ ಬಹಳ ನಿರೀಕ್ಷೆಯಿತ್ತು. ದೊಡ್ಡ ಪ್ರಯೋಗದಲ್ಲಿ ಲಸಿಕೆ ಪಡೆದವರು 20.1 ತಿಂಗಳು, ಪಡೆಯದವರು 20.0 ತಿಂಗಳು ಬದುಕಿದರು. ಒಂದೇ ಗಡ್ಡೆಯಲ್ಲಿ ಹಲವು ಬಗೆಯ ಕೋಶಗಳಿರುತ್ತವೆ. ಒಂದನ್ನು ಹೊಡೆದರೆ ಇನ್ನೊಂದು ಬೆಳೆಯುತ್ತದೆ. 2005ರ ಚಿಕಿತ್ಸೆಯೇ ಇಂದಿಗೂ ಅವರ ಮುಖ್ಯ ಆಸರೆ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ರೋಗಶಾಸ್ತ್ರಜ್ಞೆ ಡಾ. ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಅವರ ತಂಡಗಳು ಭಾರತೀಯ ರೋಗಿಗಳ ಗ್ಲಿಯೋಬ್ಲಾಸ್ಟೋಮಾದ ಅಣುಮಟ್ಟದ ಗುರುತುಗಳನ್ನು ವರ್ಷಗಳಿಂದ ಅಧ್ಯಯನ ಮಾಡಿವೆ.

ಮನೆಯಲ್ಲಿ ಯಾರಿಗಾದರೂ ಮಿದುಳಿನ ಗಡ್ಡೆಯ ಶಸ್ತ್ರಕ್ರಿಯೆ ಆದರೆ, ಬಯಾಪ್ಸಿ ವರದಿಯಲ್ಲಿ 'ಗ್ಲಿಯೋಬ್ಲಾಸ್ಟೋಮಾ' ಅಥವಾ 'ಗ್ರೇಡ್ 4' ಎಂಬಷ್ಟನ್ನೇ ಓದಿ ಕುಸಿದು ಕೂರಬೇಡಿ. ಐಡಿಎಚ್ ಪರೀಕ್ಷೆ ಆಗಿದೆಯೇ, ಎಂಜಿಎಂಟಿ ಸ್ಥಿತಿ ಏನು ಎಂದು ವೈದ್ಯರನ್ನು ಕೇಳಿ. ರೋಗಿ 55 ವರ್ಷಕ್ಕಿಂತ ಚಿಕ್ಕವರಾಗಿದ್ದು ಕಂದು ಬಣ್ಣದ ಪರೀಕ್ಷೆ ನೆಗೆಟಿವ್ ಬಂದಿದ್ದರೆ ಅಲ್ಲಿಗೇ ನಿಲ್ಲಬಾರದು. ಅಪರೂಪದ ಬಗೆಯ ರೂಪಾಂತರ ಇರಬಹುದಾದ್ದರಿಂದ ಜೀನನ್ನೇ ಓದಿಸಬೇಕು. ಗಡ್ಡೆಯ ಮೇಣದ ಅಚ್ಚನ್ನು, ಆಸ್ಪತ್ರೆಯವರು ಬ್ಲಾಕ್ ಎನ್ನುವುದನ್ನು, ಜೋಪಾನವಾಗಿಡಿ. ಮುಂದೆ ಹೊಸ ಪರೀಕ್ಷೆ, ಹೊಸ ಮದ್ದು ಬಂದರೆ ಮೊದಲು ಕೇಳುವುದು ಅದನ್ನೇ.